ನೆಲೆ ನಿಲ್ಲದ ಕಾರ್ಡ್

"ನಿಲ್ಲಿಸಿ! ಮತ್ತೆ ಓಡಿಹೋದ್ರಿ!"

ಪುಟ್ಟ ಗಿಟಾರಿನಂಥ ಯುಕುಲೇಲೆಯ ತಂತಿಗಳ ಮೇಲೆ ಅವಳ ಕೈ ಹಾಗೇ ನಿಂತಿತು. ತಾಲೀಮಿನ ಕೋಣೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಕೂಗಿದವನು ವಾದ್ಯ ರಿಪೇರಿ ಮಾಡುವವನು. ನಾಟಕಕ್ಕೆ ಸಂಗೀತ ಕೂಡಿಸಲು ಅಂದೇ ಮೊದಲ ಸಲ ಬಂದಿದ್ದ.

'ಬಂದ ದಿನವೇ ಈ ಪಾಟಿ ಜೋರಾ!' ಅವಳ ಮೈ ಉರಿಯಿತು.

"ನಾನೆಲ್ಲಿ ಓಡಿದೆ? ಇಲ್ಲೇ ಕೂತಿದೀನಲ್ಲ!"

"ನೀವಲ್ಲ, ನಿಮ್ಮ ಬೆರಳು. ಸಿ ಮೇಜರ್‌ಗೆ ಓಡ್ತು." ಅವನು ಎದುರಿಗೆ ಬಂದು ಮಂಡಿಯೂರಿ ಕುಳಿತ. "ಇದು ಲೋಕ್ರಿಯನ್ ಅನ್ನೋ ಸ್ವರಶ್ರೇಣಿ. ಸ್ವರಗಳೆಲ್ಲ ಸಿ ಮೇಜರ್‌ದೇ, ಆದ್ರೆ ಇಲ್ಲಿ ಯಜಮಾನಿಕೆ ಬಿ ಸ್ವರದ್ದು. ಅದರ ಕಾರ್ಡ್‌ಗೆ, ಅಂದ್ರೆ ಆ ಸ್ವರಗುಚ್ಛಕ್ಕೆ, ನೆಮ್ಮದಿ ಅನ್ನೋದೇ ಇಲ್ಲ. 'ಸಿ ಹಿಡಿ, ಸಿ ಹಿಡಿ' ಅಂತ ಕಿವಿ ಪೀಡಿಸುತ್ತೆ. ಹಿಡೀಬಾರದು. ಈ ದೃಶ್ಯದಲ್ಲಿ ಮಗು ಕಾಣೆಯಾದ ತಾಯಿ ಬಾಗಿಲಲ್ಲಿ ಕಾಯ್ತಿದಾಳೆ... ದೀಪ ಆರೋವರೆಗೂ ನೀವು ಬಿ ಬಿಡಂಗಿಲ್ಲ."

ಆಗಿನ ಗಡಸು ದನಿ ಈಗೆಲ್ಲಿ ಹೋಯಿತು? ಅವಳ ಎದೆ ಸುಮ್ಮಸುಮ್ಮನೆ ಡವಗುಟ್ಟಿತು.

ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೆಲಸ, ಸಂಜೆ ಚಿಕ್ಕಮ್ಮ ನಿರ್ದೇಶಿಸುವ ಈ ನಾಟಕದ ತಾಲೀಮು. ಬಿ, ಎಫ್, ಇ ಮೈನರ್, ಮತ್ತೆ ಬಿ... ಅವಳಿಗೋ ಹುಟ್ಟಾ ಗಾಬರಿ. ಬೀಗ ಹಾಕಿದ ಮೇಲೂ ಅರ್ಧ ದಾರಿಯಿಂದ ವಾಪಸ್ ಬಂದು ಎಳೆದು ನೋಡುವ ಪೈಕಿ. ಇಂಥವಳ ಕೈಗೆ ಇಂಥ ಕಾರ್ಡ್!

ಅವನು ಮಾತ್ರ ಬೇಸರಿಸದೆ ಬೆರಳು ತಿದ್ದಿದ. ತಾಲೀಮು ಮುಗಿದ ಮೇಲೂ ಇಬ್ಬರೂ ಮೆಟ್ಟಿಲ ಮೇಲೆ ಹರಟುತ್ತಾ ಕೂರುವುದು ರೂಢಿಯಾಯಿತು. ಮನಸ್ಸಿನಲ್ಲಿದ್ದದ್ದನ್ನು ಯಾರೂ ಬಾಯಿಬಿಡಲಿಲ್ಲ. 'ಹೇಳಿದರೆ ಇರುವುದೂ ಹೋದೀತು...' ಎಂದು ಅವಳ ಹೆದರಿಕೆ.

ಪ್ರದರ್ಶನದ ಮಧ್ಯಾಹ್ನ ಬಂತು. ಪೆಟ್ಟಿಗೆ ತೆರೆದರೆ, ಯುಕುಲೇಲೆಯ ಕೊನೆಯ ತಂತಿಯಡಿ, ಬೆರಳೊತ್ತುವ ಮೂರನೇ ಮನೆಯಲ್ಲಿ, ಗಾಯಕ್ಕೆ ಅಂಟಿಸುವ ಪಟ್ಟಿ ದಪ್ಪಗೆ ಕೂತಿತ್ತು! ಅವಳ ಕಾರ್ಡ್‌ಗಳಲ್ಲಿ ಯಾವುದಕ್ಕೂ ಆ ಮನೆ ಬೇಡ. ಬೇಕಾಗುವುದು ಸಿ ಮೇಜರ್‌ಗೆ ಮಾತ್ರ.

'ನಾನು ತಪ್ಪುತ್ತೇನೆ ಅಂತ ತಡೆ ಹಾಕಿದ್ದಾನೆ!' ಕಣ್ಣು ತುಂಬಿ ಬಂತು.

"ಇಷ್ಟೂ ನಂಬಿಕೆ ಇಲ್ವಾ ನನ್ನ ಮೇಲೆ?" ಆಗಷ್ಟೇ ಒಳಬಂದ ಅವನ ಮುಂದೆ ಯುಕುಲೇಲೆ ಹಿಡಿದಳು.

ಅವನು ಪಟ್ಟಿಯನ್ನು ನೋಡಿದ. ಆಮೇಲೆ ಪರದೆಯಾಚೆ ನಿಂತಿದ್ದ ಅವಳ ಚಿಕ್ಕಮ್ಮನತ್ತ ಒಮ್ಮೆ ಕಣ್ಣು ಹಾಯಿಸಿದ.

"ಹೋಗಿ! ಮುಖ ತೋರಿಸ್ಬೇಡಿ ನನಗೆ!"

ಪಟ್ಟಿಯನ್ನು ಕಿತ್ತೆಸೆದು ವೇದಿಕೆಯ ಪಕ್ಕ ಹೋಗಿ ಕುಳಿತಳು. ಪರದೆ ಎದ್ದಿತು.

ತಾಯಿ ಕಾಯುವ ಆ ದೃಶ್ಯ ಬಂದಾಗ ಅವಳು ಅಭ್ಯಾಸಬಲದಿಂದ ಅವನು ಕೂರುವ ಕುರ್ಚಿಯತ್ತ ನೋಡಿದಳು. ಖಾಲಿ!

'ಹೋಗೇಬಿಟ್ಟನಾ? ಹೋಗು ಅಂದವಳು ನಾನೇ ಅಲ್ಲವಾ... ಇನ್ನು ಬರದಿದ್ದರೆ?'

ಬಿ ಕಾರ್ಡ್ ಕಿವಿಯಲ್ಲಿ ಚುಚ್ಚುತ್ತಿತ್ತು. ಒಂದೇ ಒಂದು ಬೆರಳು ಆ ಮೂರನೇ ಮನೆಗೆ ಹೋದರೆ ಸಾಕು, ಎಲ್ಲ ಹಗುರ. ಬೆರಳು ಹೊರಟೂ ಬಿಟ್ಟಿತ್ತು. ಅವಳು ತುಟಿ ಕಚ್ಚಿ ಅದನ್ನು ತಡೆದಳು. ಕಾಯುವ ಸಂಕಟ ಏನೆಂದು ಈಗ ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಬಿ... ಮತ್ತೆ ಬಿ... ದೀಪ ಆರಿತು. ಆಮೇಲೆ ಚಪ್ಪಾಳೆ!

ಚಿಕ್ಕಮ್ಮ ಓಡಿ ಬಂದು ತಬ್ಬಿಕೊಂಡರು.

"ಗೆದ್ದೆ ಕಣೇ ಪುಟ್ಟಿ! ನೀನೆಲ್ಲಿ ಎಡವ್ತೀಯೋ ಅಂತ ನಾನೇ ಆ ಪಟ್ಟಿ ಅಂಟಿಸಿದ್ದೆ. ಬೇಕಾಗೇ ಇರ್ಲಿಲ್ಲ ನೋಡು!"

"ಚಿಕ್ಕಮ್ಮಾ... ನೀವಾ?"

ಉತ್ತರಕ್ಕೂ ಕಾಯದೆ ಹಿಂಬಾಗಿಲಿಗೆ ಓಡಿದಳು. ಅವನು ಸ್ಕೂಟರಿಗೆ ಚೀಲ ಸಿಕ್ಕಿಸುತ್ತಿದ್ದ.

"ನಾನಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ಚಿಕ್ಕಮ್ಮನದೇ ಕೆಲಸ ಅಂತ ಊಹಿಸಿದೆ. ಅವರ ಮೇಲೆ ಬೇಜಾರಾಗಿದ್ರೆ ಅಳ್ತಾ ಕೂರ್ತಿದ್ರಿ. ನನ್ನ ಮೇಲೆ ಸಿಟ್ಟಿದ್ರೆ ಹಠಕ್ಕಾದ್ರೂ ನುಡಿಸ್ತೀರ ಅಂತ ಗೊತ್ತಿತ್ತು."

"ಮತ್ತೆ ಯಾಕೆ ಎದ್ದುಹೋದ್ರಿ?"

"ಮುಖ ತೋರಿಸ್ಬೇಡಿ ಅಂದ್ರಲ್ಲ. ಸಭೆಯ ಹಿಂದೆ ನಿಂತು ಕೇಳ್ದೆ."

ಅವಳಿಗೆ ಅಳುವೂ ಬಂತು, ನಗುವೂ ಬಂತು.

"ನಂಗೆ ನೀವಂದ್ರೆ ಇಷ್ಟ. ತುಂಬಾ... ಏನಾದ್ರೂ ಹೇಳಿ, ಜೀವ ಹೋಗ್ತಿದೆ!"

"ನಂಗೂ ಇಷ್ಟ." ಅವನು ಚೀಲವನ್ನು ಕೆಳಗಿಟ್ಟ. "ಆದ್ರೆ ಭಯ. ಇನ್ನೊಂದಿನ ಸಿಟ್ಟು ಬಂದ್ರೆ ಮತ್ತೆ 'ಹೋಗಿ' ಅಂತೀರ."

"ಅಂತೀನಿ. ಗಾಬರಿಯಾದ್ರೆ ಬಾಯಿಗೆ ಬಂದದ್ದೆಲ್ಲ ಅಂತೀನಿ." ಅವಳು ಅವನ ತೋಳು ಹಿಡಿದುಕೊಂಡಳು. "ನೀವು ಮಾತ್ರ ಹೋಗ್ಬೇಡಿ."

"ಇಲ್ಲ ಕಣೇ," ಎಂದ ಅವನು, ಮೊದಲ ಸಲ ಏಕವಚನದಲ್ಲಿ. "ಹೋಗಲ್ಲ."