ಕಾಸರಕದ ಕೀಸುಳಿ

"ಎಲ್ಲಾ ತಕೊಂಡು ಹೋಗಿ ಯೋಗೀಶಣ್ಣ. ಆದ್ರೆ ಈ ಮೊಳೆ ಮಾತ್ರ ಕೀಳ್ಬೇಡಿ," ಎಂದಳು ವಿಮಲಕ್ಕ. "ಮೊಳೆ ಇರುವಷ್ಟು ದಿನ ಇದು ಬರೀ ಮರ."

ಯೋಗೀಶನಿಗೆ ನಗು ಬಂತು. ವಿಮಲಕ್ಕನ ಗಂಡ ಪುಂಡರೀಕಾಕ್ಷ ಆಚಾರಿ ಕಲ್ಯಾಣ ಪಟ್ಟಣದಲ್ಲಿ ಬಡಗಿ ಕೆಲಸ ಮಾಡಿಕೊಂಡೇ ತೀರಿಹೋದವರು. ಅಂಗಡಿ ಖಾಲಿ ಮಾಡಬೇಕಾದಾಗ, ಅವರ ಹತ್ಯಾರುಗಳು ಗುಜರಿಗೆ ಹೋಗುವುದಕ್ಕಿಂತ ಊರ ಕಡೆಯ ತುಳುವನೊಬ್ಬನ ಕೈಗೆ ಹೋಗಲಿ ಎಂದು ಅವಳೇ ಅವನನ್ನು ಕರೆಸಿದ್ದಳು. ವಾಶಿಯ ಆಫೀಸಿನಲ್ಲಿ ಕಂಪ್ಯೂಟರು ನೋಡಿ ನೋಡಿ ಬೇಸತ್ತ ಅವನಿಗೆ ಒಂದೇ ಹುಚ್ಚು. ತುಕ್ಕು ಹಿಡಿದ ಉಳಿ, ಗರಗಸ, ಮರ ಹೆರೆಯುವ ಕೀಸುಳಿ ಏನು ಸಿಕ್ಕರೂ ತಂದು, ಉಜ್ಜಿ, ಮಸೆದು, ಮತ್ತೆ ಮರದ ಮೇಲೆ ಓಡಿಸಬೇಕು. ಬಟ್ಟೆ ಸುತ್ತಿಟ್ಟಿದ್ದ ಈ ಕೀಸುಳಿ, ಅಲಗು ಬಿಟ್ಟರೆ, ಪೂರಾ ಮರದ್ದು. ತಲೆತಲಾಂತರದ ಕೈಯೆಣ್ಣೆ ಕುಡಿದು ಕಪ್ಪಾಗಿತ್ತು. ಅದರ ಮೂತಿಯಲ್ಲೊಂದು ದಪ್ಪ ಮೊಳೆ.

"ಕಾಸರಕದ ಮರ," ವಿಮಲಕ್ಕ ದನಿ ತಗ್ಗಿಸಿದಳು. "ಊರಲ್ಲಿ ನಮ್ಮವರ ಅಜ್ಜ ಪ್ರೇತ ಕಟ್ಟಲಿಕ್ಕೆ ಈ ಮರದಲ್ಲೇ ಬೊಂಬೆ ಕೆತ್ತಿ ಕೊಡ್ತಿದ್ರಂತೆ. ಒಮ್ಮೆ ಬೊಂಬೆ ಸೀಳಿಹೋಯ್ತು. ಮಂತ್ರವಾದಿ ಅವರ ಕೀಸುಳಿಗೇ ಮೊಳೆ ಹೊಡೆದು ಪ್ರೇತ ಕಟ್ಟಿದ. ಅನ್ನ ಇಲ್ಲದೆ ಸತ್ತ ಹೆಣ್ಣುಮಗು ಅದು."

"ಹಾಗಾದ್ರೆ ಅದಕ್ಕೊಂದು ವಡಾಪಾವ್ ಕೊಡಿಸುವ, ಅಕ್ಕ."

ವಿಮಲಕ್ಕ ಕೀಸುಳಿಗೆ ಮತ್ತೆ ಬಟ್ಟೆ ಸುತ್ತಿ ಕೊಟ್ಟಳು.

ಹಳೆಯ ಹತ್ಯಾರು ರಿಪೇರಿ ಮಾಡುವವರಿಗೆ ಒಂದು ಚಾಳಿ ಉಂಟು. ಮರದಲ್ಲಿ ಬೇಡದ ಕಬ್ಬಿಣ ಕಂಡರೆ ಕೈ ಸುಮ್ಮನಿರುವುದಿಲ್ಲ. ಡೊಂಬಿವಲಿಯ ಮನೆಯ ಬಾಲ್ಕನಿಯಲ್ಲಿ ಕೂತು ಯೋಗೀಶ್ ಮೊಳೆಗೆ ಸೀಮೆಎಣ್ಣೆ ಕುಡಿಸಿದ, ಇಕ್ಕಳ ಹಾಕಿ ಎಳೆದ. ಕುಂಯ್ ಎಂದು ಸದ್ದು ಮಾಡುತ್ತ ಬಂತು ಅದು. ಹಿಂದೆಯೇ ಹಳಸಿದ ಗಂಜಿಯ ವಾಸನೆ. ಕೆಮಿಕಲ್ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸುತ್ತಿರಬೇಕು ಅಂದುಕೊಂಡ. ತೂತಿಗೆ ತೇಗದ ಕಡ್ಡಿ ಬಡಿದು ಮುಚ್ಚಿದ. ಏನನ್ನೂ ಎಸೆದು ಗೊತ್ತಿಲ್ಲದ ಆಸಾಮಿ, ಮೊಳೆಯನ್ನು ಡಬ್ಬಿಗೆ ಹಾಕಿಟ್ಟ.

ಎಂಥ ಕೀಸುಳಿ ಅದು! ತೇಗದ ಹಲಗೆಯ ಮೇಲೆ ಸರ್ರನೆ ಓಡಿದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಸುರುಳಿ ಏಳುತ್ತಿತ್ತು. ಮಗಳು ತನ್ವಿ ಅದನ್ನು ಬಳೆ ಮಾಡಿ ಕೈಗೆ ಹಾಕಿಕೊಂಡಳು. ಕನ್ನಡದಲ್ಲಿ ಕೇಳಿದರೂ ಮರಾಠಿಯಲ್ಲೇ ಉತ್ತರಿಸುವ ಹುಡುಗಿ.

"ಅಜೂನ್ ಏಕ್, ಪಪ್ಪಾ." ಇನ್ನೊಂದು.

ಹಲಗೆ ಅವಳ ಓದುವ ಮೇಜಿಗೇ. ಒಂದೇ ಕೂಸು, ಅದರ ಮೇಲೆ ಅವನಿಗೆ ಜೀವ. ಇನ್ನೊಂದು ಎಂದರೆ ಇನ್ನೊಂದು.

ಮಳೆಗಾಲ ಮುಗಿಯುವಷ್ಟರಲ್ಲಿ ತನ್ವಿ ಸೊರಗಿದಳು. ಶಾಲೆಯ ಫ್ರಾಕು ಭುಜದಿಂದ ಜಾರತೊಡಗಿತು. ಡಾಕ್ಟರು ರಕ್ತ ನೋಡಿದರು, ಎಕ್ಸ್‌ರೇ ನೋಡಿದರು, ಏನೂ ಇಲ್ಲ ಎಂದರು. ಕುಂದಾಪುರದವಳಾದ ಹೆಂಡತಿ ತೃಪ್ತಿ ದೇವರಿಗೆಲ್ಲ ಹರಕೆ ಹೊತ್ತಳು. ಮಲಗಿದ್ದ ಕೂಸು ನಗುತ್ತಿದ್ದುದು ಮರದ ಸುರುಳಿ ಕಂಡರೆ ಮಾತ್ರ. ಅದಕ್ಕೇ ಯೋಗೀಶ್ ಕೀಸಿದ. ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೀಸಿದ. ಅಯ್ಯೋ, ಮಗಳನ್ನು ನಗಿಸಲೆಂದೇ ಕೀಸಿದ.

ಒಂದು ಸಂಜೆ ಲೋಡ್ ಶೆಡ್ಡಿಂಗ್. ಇಡೀ ಹೌಸಿಂಗ್ ಸೊಸೈಟಿ ಕತ್ತಲೆ. ಕೈ ಅಭ್ಯಾಸಬಲದಿಂದ ಓಡುತ್ತಿತ್ತು. ಸುರುಳಿಯೊಂದು ಅವನ ಮೊಣಕೈ ಮೇಲೆ ಬಿತ್ತು. ಬೆಚ್ಚಗಿತ್ತು. ಮೂಗಿಗೆ ಹಿಡಿದ. ತೇಗದ ವಾಸನೆಯಲ್ಲ. ತನ್ವಿಯ ತಲೆಯೆಣ್ಣೆಯ ವಾಸನೆ. ಮೊಬೈಲು ಬೆಳಗಿಸಿ ನೋಡಿದ. ಸುರುಳಿಯ ಮೇಲೆ ಸಣ್ಣ ಸಣ್ಣ ರೋಮ.

ನಂಬಲಾಗದೆ ಮತ್ತೊಮ್ಮೆ ಎಳೆದ. ಸರ್ರ್. ಒಳಕೋಣೆಯಲ್ಲಿ ಮಗು ನರಳಿತು.

ವಿಮಲಕ್ಕನಿಗೆ ಫೋನು ಮಾಡಿದ. ಮೊಳೆ ಕಿತ್ತದ್ದನ್ನು ಹೇಳಿದ.

"ನೀವು ಕೈ ಹಾಕ್ಬೇಡಿ," ಎಂದಳು ಅವಳು. "ಊರಿಂದ ತಿಳಿದವರನ್ನು ಕರೆಸುವ. ಮೊಳೆ, ಹೊಡೆಯುವಾಗ ಮರದೊಳಗೆ ಯಾರಿದ್ದಾರೋ ಅವರನ್ನು ಹಿಡಿಯುತ್ತೆ. ಅಷ್ಟೇ ಅದಕ್ಕೆ ಗೊತ್ತಿರೋದು."

ಅವನ ಕಿವಿಗೆ ಬಿದ್ದದ್ದು ಮೊಳೆ ಹಿಡಿಯುತ್ತೆ ಎಂಬುದಷ್ಟೇ. ಊರಿಂದ ಜನ ಬರುವತನಕ ಮಗು ಉಳಿಯಬೇಕಲ್ಲ. ಡಬ್ಬಿ ಸುರಿದ. ಮೊಳೆ ಸಿಕ್ಕಿತು. ತೇಗದ ಕಡ್ಡಿ ಕಿತ್ತೆಸೆದ. ಗಂಜಿಯ ವಾಸನೆ ಈಗ ಬಾಲ್ಕನಿಯಲ್ಲಿರಲಿಲ್ಲ. ಮಗುವಿನ ಕೋಣೆಯಿಂದ ಬರುತ್ತಿತ್ತು. ಅವನು ನಿಲ್ಲಲಿಲ್ಲ. ಒಂದೇಟು. ಒಳಗಿನಿಂದ ಕಿರುಚು. ಇನ್ನೊಂದೇಟು. "ಪಪ್ಪಾ!" ಇನ್ನೊಂದು. ತುಕ್ಕು ತಿಂದ ಮೊಳೆಯ ತಲೆ ಚಟ್ಟನೆ ಹಾರಿತು. ಉಳಿದ ಮೊಳೆ ಪೂರಾ ಮರದೊಳಗೆ ಹೂತುಹೋಯಿತು.

ಮನೆ ತಣ್ಣಗಾಯಿತು. ಕರೆಂಟು ಬಂತು.

ತನ್ವಿ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಕೆನ್ನೆಯಲ್ಲಿ ಬಣ್ಣ ಬಂದಿತ್ತು. ಅವಳ ಕಣ್ಣು ತಾಯಿಯ ಮೇಲಿರಲಿಲ್ಲ, ಅಡುಗೆಮನೆಯ ಮೇಲಿತ್ತು.

"ಬಡವಾಪುಂಡು," ಎಂದಳು. "ನುಪ್ಪು ಕೊರ್ಲೆ."

ಹಸಿವಾಗ್ತಿದೆ, ಅನ್ನ ಕೊಡಿ. ಯೋಗೀಶನ ತಾಯಿ ಸತ್ತ ಮೇಲೆ ಆ ಮನೆಯಲ್ಲಿ ಯಾರೂ ತುಳು ಮಾತಾಡಿದ್ದಿಲ್ಲ.

ತೃಪ್ತಿ ಅಳುತ್ತಾ ನಗುತ್ತಾ ಅನ್ನ ಕಲಸಲು ಓಡಿದಳು. ಅವನು ಬಾಲ್ಕನಿಗೆ ಬಂದು ಕುಸಿದ. ಮೊಳೆಯ ತುದಿಗಾಗಿ ಉಗುರಿನಿಂದ ಕೆರೆದ, ಹಲ್ಲಿನಿಂದ ಕಚ್ಚಿದ. ಹಿಡಿಯಲು ಏನೂ ಇರಲಿಲ್ಲ. ಸೀಳಿಬಿಡೋಣವೆಂದು ಉಳಿ ಎತ್ತಿದ. ಉಳಿ ತಾಕಿದ್ದೇ ಮರದೊಳಗಿಂದ ನರಳಿಕೆ. ಉಳಿಯನ್ನು ಕೆಳಗಿಟ್ಟ.

ಕೀಸುಳಿಗೆ ಕಿವಿಯಿಟ್ಟ. ಎಲ್ಲೋ ಆಳದಲ್ಲಿ, ಮರಾಠಿಯಲ್ಲಿ, ಮಗುವೊಂದು ಅಪ್ಪನನ್ನು ಕರೆಯುತ್ತಿತ್ತು.

"ಹ್ವಾಯ್, ಇಲ್ಲ್ ಬನ್ನಿ ಕಾಣಿ," ಅಡುಗೆಮನೆಯಿಂದ ತೃಪ್ತಿ ಕೂಗಿದಳು. "ಹೆಣ್ಣ್ ಎಷ್ಟ್ ಚಂದ ಉಣ್ತಿತ್ತ್. ಇದಕ್ಕೆ ತುಳು ಯಾವಾಗ ಕಲಿಸಿದ್ರಿ ನೀವು?"