ಖಾಲಿಯಾಗದ ಮೆಮೊರಿ ಕಾರ್ಡ್

ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಕೊನೆಯ ವಿಡಿಯೋ, ಬೈಕ್ ಪೆಟ್ರೋಲ್ ಬಂಕಿಗೆ ಬಂದಲ್ಲಿಗೇ ಮುಗಿದುಹೋಯಿತು.

"ಇನ್ನೊಂದು ಇರಲೇಬೇಕು ಮೇಡಂ," ಎಂದರು ಉತುಪ್. "ನನ್ನ ಮಗ ಹೆಲ್ಮೆಟ್ಟಿನ ಕ್ಯಾಮರಾ ಆನ್ ಮಾಡದೆ ಬೈಕ್ ಬಿಡುದೇ ಇಲ್ಲ. ಯಾರೋ ಅಳಿಸಿದ್ದಾರೆ."

ಮಗ ಸಿಜೋ ಪುತ್ತೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಹಿಂದಿನ ದಿನ ಕಡಬದ ಹತ್ತಿರದ ತಿರುವಿನಲ್ಲಿ ಯಾವುದೋ ವಾಹನ ಅವನಿಗೆ ಗುದ್ದಿ ಹೋಗಿತ್ತು. ಕಂಡವರಿಲ್ಲ. ಸುಳ್ಯದ ಮದುವೆ ವಿಡಿಯೋಗ್ರಾಫರ್ ಸಂಪ್ರೀತ್ ಅದೇ ದಾರಿಯಾಗಿ ಬಂದವನು ಸಿಜೋನನ್ನು ತನ್ನ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿ, ಹೆಲ್ಮೆಟ್ಟನ್ನು ಉತುಪ್ ಕೈಗೆ ಕೊಟ್ಟಿದ್ದ. ಉತುಪ್ ಅದರ ಕ್ಯಾಮರಾವನ್ನು ಕಾರ್ಡಿನ ಸಮೇತ ಕಡಬದಲ್ಲಿ ಜಾಸಿರ್‌ನ ಮೊಬೈಲ್ ಅಂಗಡಿಗೆ ತಂದಿದ್ದರು; ಅಪಘಾತದ ವಿಡಿಯೋ ಕಾಣದಾಗ ಪೊಲೀಸರನ್ನು ಕರೆಸಿದ್ದರು.

ಎಸ್‌ಐ ಪಂಕಜಾಕ್ಷಿ ಅಂಗಡಿಯ ಹೊರಗೆ ನೋಡಿದಳು. ಜಾಸಿರ್‌ನ ಪಿಕಪ್ ನಿಂತಿತ್ತು. ಒಂದು ಹೆಡ್‌ಲೈಟ್ ಒಡೆದಿತ್ತು.

"ಅದು ಎಂತ?"

"ಗೇಟಿಗೆ ತಾಗಿದ್ದು ಮೇಡಂ. ಅಲ್ಲಾಹನ ಆಣೆ."

"ಸುಳ್ಳು! ಗುದ್ದಿದ್ದು ಇವನೇ. ಅಳಿಸಿದ್ದೂ ಇವನೇ!" ಉತುಪ್ ಅವನ ಕಾಲರ್ ಹಿಡಿದರು.

"ಬಿಡಿ ಉತುಪ್ ಚೇಟಾ," ಪಂಕಜಾಕ್ಷಿ ಅವರನ್ನು ಮಲಯಾಳದಲ್ಲಿ ಅಣ್ಣ ಎಂದು ಕರೆದು ಬಿಡಿಸಿದಳು.

ಪಂಕಜಾಕ್ಷಿ ಕ್ಯಾಮರಾ ತಿರುಗಿಸಿ ನೋಡಿದಳು. ಪರದೆ ಪುಡಿಯಾಗಿತ್ತು. ಒತ್ತಿದರೆ ಏನೂ ಆಗುತ್ತಿರಲಿಲ್ಲ. ಅದರಲ್ಲಿ ಅಳಿಸಲು ಸಾಧ್ಯವಿಲ್ಲ. ಬಳಿಕ ಜಾಸಿರ್‌ನ ಲ್ಯಾಪ್‌ಟಾಪಿನಿಂದ, ಸಣ್ಣ ಕಾರ್ಡನ್ನು ಕೂರಿಸುವ ಅಡಾಪ್ಟರ್ ಹೊರತೆಗೆದಳು. ಅಂಚಿನಲ್ಲಿ ಇರಬೇಕಾದ ಲಾಕಿನ ಗುಂಡಿ ಮುರಿದಿತ್ತು.

"ಇದು ಮುರಿದ ಮೇಲೆ ಬರೀ ನೋಡ್ಲಿಕ್ಕೆ, ಕಾಪಿ ಮಾಡ್ಲಿಕ್ಕೆ ಆಗ್ತದೆ," ಎಂದ ಜಾಸಿರ್. "ಅಳಿಸ್ಲಿಕ್ಕೆ ಆಗುದಿಲ್ಲ."

ಅವಳು ತನ್ನ ಮೊಬೈಲಿನ ಕಾರ್ಡ್ ಹಾಕಿ ಒಂದು ಫೋಟೋ ಅಳಿಸಲು ನೋಡಿದಳು. ಲ್ಯಾಪ್‌ಟಾಪ್ ಒಪ್ಪಲಿಲ್ಲ.

ಮತ್ತೆ ಸಿಜೋನ ಕಾರ್ಡ್ ಹಾಕಿದಳು. ಕಾಣುತ್ತಿದ್ದುದು ನಾಲ್ಕೇ ಸಣ್ಣ ವಿಡಿಯೋ. ಆದರೆ ಕಾರ್ಡ್ ಅರ್ಧಕ್ಕಿಂತ ಹೆಚ್ಚು ತುಂಬಿದೆ ಎಂದು ತೋರಿಸುತ್ತಿತ್ತು.

ಅಳಿಸಿದ್ದರೆ ಜಾಗ ಖಾಲಿಯಾಗಬೇಕಿತ್ತಲ್ಲ?

ಅಡಗಿಸಿಟ್ಟ ಫೈಲುಗಳೂ ಕಾಣುವಂತೆ ಮಾಡಿದಳು. ಮೂಡಿದ ಫೋಲ್ಡರಿನ ಹೆಸರನ್ನು ಎರಡು ಸಲ ಓದಿದಳು.

"ಜಾಸಿರ್, ಲ್ಯಾಪ್‌ಟಾಪ್ ಹಿಡ್ಕೋ. ಪುತ್ತೂರಿಗೆ ಹೋಗುವ. ಉತುಪ್ ಚೇಟಾ, ನೀವೂ ಬನ್ನಿ."

* * *

ಸಂಪ್ರೀತ್ ಐಸಿಯು ಹೊರಗೆ, ಸಿಜೋನ ತಾಯಿ ಲೈಸಾಳ ಪಕ್ಕದಲ್ಲಿ ಕುಳಿತಿದ್ದ. ಕಾಲ ಬಳಿ ಕ್ಯಾಮರಾ ಬ್ಯಾಗ್.

"ಹೆಲ್ಮೆಟ್ಟಿನ ಕ್ಯಾಮರಾ ಮುಟ್ಟಿದ್ದೀರಾ?" ಪಂಕಜಾಕ್ಷಿ ಕೇಳಿದಳು.

"ಇಲ್ಲ ಮೇಡಂ. ಅಷ್ಟು ರಕ್ತ ಹೋಗುವಾಗ ಕ್ಯಾಮರಾ ಯಾರಿಗೆ ನೆನಪಾಗ್ತದೆ?"

"ಬ್ಯಾಗ್ ತೆರೀರಿ."

ಆಪಲ್ ಲ್ಯಾಪ್‌ಟಾಪ್. ಒಂದೆರಡು ಅಡಾಪ್ಟರ್.

"ಕಾರ್ಡ್ ಇದ್ದುದು ಮೂವರ ಕೈಯಲ್ಲಿ," ಎಂದಳು ಪಂಕಜಾಕ್ಷಿ. "ಉತುಪ್ ಚೇಟನಿಗೆ ಲ್ಯಾಪ್‌ಟಾಪ್ ಗೊತ್ತಿಲ್ಲ. ಜಾಸಿರ್‌ನ ಅಡಾಪ್ಟರಿನಲ್ಲಿ ಅಳಿಸ್ಲಿಕ್ಕೆ ಆಗುದಿಲ್ಲ, ಅವನದ್ದು ಆಪಲ್ ಲ್ಯಾಪ್‌ಟಾಪ್ ಸಹ ಅಲ್ಲ. ಆದರೆ ಕಾರ್ಡಿನಲ್ಲಿ ಆಪಲ್ ಲ್ಯಾಪ್‌ಟಾಪ್ ಮಾಡಿಟ್ಟ ಅಡಗಿದ ಕಸದಬುಟ್ಟಿ ಉಂಟು. ಅದರಲ್ಲಿ ಅಳಿಸಿದ ಫೈಲ್ ಕೂಡಲೇ ಸಾಯುದಿಲ್ಲ, ಬುಟ್ಟಿ ಖಾಲಿ ಮಾಡುವವರೆಗೆ ಕಾರ್ಡಿನೊಳಗೇ ಇರ್ತದೆ. ನೀವು ಗಡಿಬಿಡಿಯಲ್ಲಿ ಖಾಲಿ ಮಾಡ್ಲಿಲ್ಲ."

ಜಾಸಿರ್ ಲ್ಯಾಪ್‌ಟಾಪ್ ತೆರೆದು ಆ ಬುಟ್ಟಿಯಲ್ಲಿದ್ದ ವಿಡಿಯೋ ಹಾಕಿದ.

ತಿರುವು. ಎದುರಿನಿಂದ ರಸ್ತೆಯ ಈ ಬದಿಗೆ ನುಗ್ಗಿ ಬಂದ ಬಿಳಿ ಕಾರು. ದಡ್ ಎಂಬ ಸದ್ದು. ಆಕಾಶ, ಹುಲ್ಲು. ಆಮೇಲೆ ಆ ಕಾರಿನಿಂದಿಳಿದು ಬಗ್ಗಿ ನೋಡಿದವನ ಮುಖ. ಸಂಪ್ರೀತ್‌ನದೇ. ಅವನ ಕೈ ಕ್ಯಾಮರಾದತ್ತ ಬಂತು. ಕತ್ತಲಾಯಿತು.

ಲೈಸಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಫೋನ್ ನೋಡ್ತಾ ಇದ್ದೆ... ಒಂದು ಕ್ಷಣ..." ಎಂದ ಸಂಪ್ರೀತ್. "ಬಿಟ್ಟು ಓಡಬಹುದಿತ್ತಲ್ಲ ಮೇಡಂ? ಕರ್ಕೊಂಡು ಬಂದೆನಲ್ಲ?"

"ಬಂದಿರಿ. ವಿಡಿಯೋದ ಸಮಯ, ಆಸ್ಪತ್ರೆಯ ದಾಖಲೆ ಎರಡೂ ನೋಡಿದರೆ ಮುಕ್ಕಾಲು ಗಂಟೆಯ ದಾರಿಗೆ ಎರಡು ಗಂಟೆ ಹಿಡೀತು. ಮೊದಲು ವಿಡಿಯೋ, ಆಮೇಲೆ ಹುಡುಗ."

ಉತುಪ್ ಜಾಸಿರ್‌ನ ಹೆಗಲ ಮೇಲೆ ಕೈಯಿಟ್ಟರು. ಜಾಸಿರ್ ಆ ಕೈಯನ್ನು ಸರಿಸಲಿಲ್ಲ.

ಲೈಸಾ ಎದ್ದು ಸಂಪ್ರೀತ್‌ನ ಎದುರು ನಿಂತಳು.

"ನಿನ್ನೆಯಿಂದ ನಿನಗಾಗಿ ಪ್ರಾರ್ಥನೆ ಮಾಡ್ತಾ ಇದ್ದೆ ಮಗಾ. ಅರ್ಧ ಗಂಟೆ ಮೊದಲು ತಂದಿದ್ದರೆ ಕಾಲು ಉಳೀತಿತ್ತು ಅಂತ ಡಾಕ್ಟರು ಹೇಳಿದ್ದರು. ನೀನು ನೊಂದುಕೊಳ್ಳಬಾರದೂಂತ ನಾನು ಅದನ್ನು ನಿನಗೆ ಹೇಳಲೇ ಇಲ್ಲ."