ಗಿರ್ಮಿಟ್‌ನ ಕೊರಳಪಟ್ಟಿ

ಬೆಕ್ಕು ಗಿರ್ಮಿಟ್ ಬಚ್ಚಲ ಬಾಗಿಲಲ್ಲಿ ಕುಸಿದು ಕೂತು ಹಳದಿ ನೊರೆ ಕಾರುತ್ತಿದ್ದಾಗಲೂ ಅದರ ಕೊರಳಪಟ್ಟಿಯ ದೀಪ ಹಸಿರಾಗಿಯೇ ಉರಿಯುತ್ತಿತ್ತು. ಹಸಿರೆಂದರೆ ಮೂತ್ರಪಿಂಡ ಕ್ಷೇಮ. "ಹಲ್ಲಿ ತಿಂದಿರಬೇಕು ಕಳ್ಳ" ಎಂದು ಬೈದು ನೀಲಾಂಬಿಕಾ ನೆಲ ಒರೆಸಿದಳು.

2057ರ ಧಾರವಾಡದಲ್ಲಿ ಪಟ್ಟಿಯಿಲ್ಲದ ಸಾಕುಬೆಕ್ಕು ಅಪರೂಪ. ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಈ ಪಟ್ಟಿ ಸೂಜಿ ಚುಚ್ಚದೆ, ಚರ್ಮದೊಳಕ್ಕೆ ಬೆಳಕು ಹಾಯಿಸಿ ಅಳೆದು, ಸಾಕಿದವರ ಮೊಬೈಲಿಗೂ ತಿಳಿಸುತ್ತಿತ್ತು. ಬೆಕ್ಕು ನೋವು ಬಚ್ಚಿಡುವ ಪ್ರಾಣಿ. ಆ ಗುಟ್ಟು ಒಡೆಯುವ ಈ ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ಪ್ರಮೀಳಾ ಮಿರ್ಜಿ ನೀಲಾಂಬಿಕಾಳ ಹೈಸ್ಕೂಲು ಗೆಳತಿ. ಗಿರ್ಮಿಟ್‌ಗೆ ಪಟ್ಟಿ ಕಟ್ಟಿದ್ದೂ ಅವಳೇ.

ಮರುದಿನ ಬೆಕ್ಕು ಉಣ್ಣಲಿಲ್ಲ, ದೀಪ ಹಸಿರು. ಮೂರನೆಯ ದಿನ ತಲೆಯೆತ್ತಲಿಲ್ಲ. ಪಶು ಆಸ್ಪತ್ರೆಗೆ ಒಯ್ದಾಗ ವೈದ್ಯರು ರಕ್ತ ಪರೀಕ್ಷಿಸಿ ಕೇಳಿದರು, "ಮನ್ಯಾಗ ಲಿಲ್ಲಿ ಹೂ ಇಟ್ಟೀರೇನ್ರಿ?"

ಇಟ್ಟಿದ್ದಳು. ನಿವೃತ್ತಿಯ ಸತ್ಕಾರದಲ್ಲಿ ಶಾಲೆಯವರು ಕೊಟ್ಟ ಹೂಗುಚ್ಛ.

"ಬೆಕ್ಕಿಗೆ ಎರಡು ಎಸಳು ಸಾಕ್ರಿ, ಎರಡೂ ಕಿಡ್ನಿ ಹೋಗ್ತಾವ. ವಾಂತಿ ಆದ ದಿನಾನ ತಂದಿದ್ರ ಸಲೈನ್ ಹಚ್ಚಿ ಉಳಸಬಹುದಿತ್ತು. ನಿನ್ನೆ ತಂದಿದ್ರೂ ಒಂದೀಟು ಆಸೆ ಇತ್ತು."

"ಪಟ್ಟಿ ಹಸಿರಿತ್ತಲ್ರಿ!"

ಸಂಜೆ ಗಿರ್ಮಿಟ್ ಸತ್ತಿತು. ಸುದ್ದಿ ಕೇಳಿ ಆಸ್ಪತ್ರೆಗೆ ಬಂದ ಪ್ರಮೀಳಾ ಪಟ್ಟಿಯನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಮೂರು ದಿನದ ಅಳತೆಗಳನ್ನು ತೆರೆದಳು.

"ನಿನ್ನೆನ ಏರಿದ್ದು ಅದಕ್ಕ ಗೊತ್ತಾಗೇದ, ನೀಲಾ. ಆದ್ರ ಒಮ್ಮೆಲೆ ಏರಿದ್ದನ್ನ ತಪ್ಪು ಅಳತಿ ಅಂತ ಬಿಟ್ಟುಬಿಡತದ. ಮೊದಲ ಬೆಕ್ಕು ಮೈ ಕೆರಕೊಂಡ್ರೂ ಗಂಟಿ ಹೊಡೀತದ ಅಂತ ಮಂದಿ ಬೈತಿದ್ರು."

"ಅದಕ್ಕ ನೀನ ಅದರ ಬಾಯಿ ಮುಚ್ಚಿಸಿದಿ."

"ಬೆಕ್ಕಿಗೆ ಹೆಚ್ಚಾಗಿ ಬರೋದು ನಿಧಾನದ ಕಿಡ್ನಿ ಜಡ್ಡು, ಅದನ್ನ ಪಟ್ಟಿ ಹಿಡೀತದ..."

"ನನ್ನ ಮನ್ಯಾಗ ಕೂತು ಚಹಾ ಕುಡದು, ಇದನ್ನ ಕಟ್ಟಿ ಹೋದಿ. ಒಂದು ಮಾತು ಹೇಳಲಿಲ್ಲ."

ಪ್ರಮೀಳಾ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದಳು. ನೀಲಾಂಬಿಕಾ ಕಸಿದುಕೊಂಡಳು.

"ಉಳಿದವರಿಗರ ಹೇಳ್ತೀಯೇನು?"

"ಮುಂದಿನ ತಿಂಗಳು ಸುಧಾರಿಸಿದ ಪಟ್ಟಿ ಬರ್ತದ. ಈಗ ಹೇಳಿದ್ರ ಮಂದಿ ಗಾಬರಿ ಆಗ್ತಾರ."

"ಆಗಲಿ."

ನೀಲಾಂಬಿಕಾ ಹೊರಬಂದಳು. ಬೆಂಚಿನ ಮೇಲೆ ಒಬ್ಬ ಯುವಕ ಲಸಿಕೆಗೆಂದು ತಂದ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅದರ ಕೊರಳಲ್ಲೂ ಅದೇ ಪಟ್ಟಿ.

"ತಮ್ಮಾ, ನಿನ್ನ ಬೆಕ್ಕು ಮುಂಜಾನೆ ಉಂಡೈತೇನು? ಉಚ್ಚಿ ಹೊಯ್ದೈತೇನು?"

ಅವನು ಬೆಕ್ಕಿನ ಕಡೆ ನೋಡಲಿಲ್ಲ.

"ತಡೀರಿ ಅಮ್ಮಾರ, ನೋಡಿ ಹೇಳ್ತೀನಿ" ಎಂದು ಕಿಸೆಯಿಂದ ಮೊಬೈಲು ತೆಗೆದು ಪಟ್ಟಿಯ ಆ್ಯಪ್ ತೆರೆದ.